ಹಿತ್ತಿಲಲ್ಲೇ ಒಂದು ವರ್ಕ್‌ಶಾಪ್: ನಮ್ಮ ಮಣ್ಣು, ನಮ್ಮ ಕೈಕೆಲಸ



ಬೆಳಗ್ಗೆ ಏಳು ಗಂಟೆಗೆ ಟಿಲ್ಲರ್ ಸ್ಟಾರ್ಟ್ ಮಾಡ್ತೀರಿ, ಒಂದು ಬೋಲ್ಟ್ ಕಟ್ ಆಗುತ್ತೆ. ಬೈಕ್‌ನಲ್ಲಿ ಯಲಹಂಕಕ್ಕೋ ದೊಡ್ಡಬಳ್ಳಾಪುರಕ್ಕೋ ಹೋಗಿ, ಅಂಗಡಿ ತೆರೆಯೋವರೆಗೂ ಕಾದು, ವೆಲ್ಡಿಂಗ್ ಮಾಡಿಸಿ ಬರೋ ಹೊತ್ತಿಗೆ ಮಧ್ಯಾಹ್ನ. ಅಷ್ಟರಲ್ಲಿ ನೆಲದ ಹದ ಹೋಗಿರುತ್ತೆ, ಕೂಲಿಯವರಿಗೆ ಕೊಟ್ಟ ದಿನಗೂಲಿಯೂ ದಂಡ. ಹಿತ್ತಿಲಲ್ಲಿ 10 × 12 ಅಡಿ ಜಾಗ ಇದ್ದರೆ ಈ ಓಡಾಟ ಬಹಳಷ್ಟು ತಪ್ಪುತ್ತದೆ. ಇದರಲ್ಲಿ ನೆನಪಿಡಬೇಕಾದ ಮಾತು ಒಂದೇ: ಗೋಡೆ, ಚಾವಣಿಯಲ್ಲಿ ಉಳಿಸಿ, ಆ ಹಣವನ್ನು ನೆಲಕ್ಕೂ ಅರ್ತಿಂಗ್‌ಗೂ ಹಾಕಿ.

1. ಜಾಗ ಮತ್ತು ದಿಕ್ಕು

ಜೂನ್-ಜುಲೈನಲ್ಲಿ ನಮ್ಮ ಕಡೆ ಗಾಳಿ ಬೀಸೋದು ಪಡುವಣದಿಂದ. ಹಾಗಾಗಿ ಬಾಗಿಲು ಪೂರ್ವಕ್ಕಿರಲಿ, ಚಾವಣಿಯ ತಗ್ಗು ಪಶ್ಚಿಮಕ್ಕಿರಲಿ. ಬೆಳಗಿನ ಬೆಳಕೂ ನೇರ ಒಳಗೆ ಬರುತ್ತದೆ. ಕರೆಂಟ್ ಲೈನ್ ಕೆಳಗೆ ಕಟ್ಟಲೇಬೇಡಿ. ಹುಲ್ಲಿನ ಮೆದೆಯಿಂದ ಕನಿಷ್ಠ 30 ಅಡಿ ದೂರ ಇರಲಿ, ಗ್ರೈಂಡರ್ ಕಿಡಿ ನಾವು ಅಂದುಕೊಂಡಿದ್ದಕ್ಕಿಂತ ದೂರ ಹಾರುತ್ತೆ. ಕೆಲಸ ಶುರು ಮಾಡೋ ಮೊದಲು ಪಂಚಾಯಿತಿಯಲ್ಲಿ ಒಂದು ಮಾತು ವಿಚಾರಿಸಿ.

ಮೂಲೆಮಟ್ಟಕ್ಕೆ ದಾರ ಕಟ್ಟಿ, ಒಂದು ಬದಿಯಲ್ಲಿ 6 ಅಡಿ, ಇನ್ನೊಂದು ಬದಿಯಲ್ಲಿ 8 ಅಡಿ ಗುರುತು ಹಾಕಿ. ಎರಡು ಗುರುತುಗಳ ನಡುವೆ ಸರಿಯಾಗಿ 10 ಅಡಿ ಬಂದರೆ ಮೂಲೆ ನೇರ. ಕೊನೆಗೆ ಎರಡೂ ಕರ್ಣ ಅಳೆಯಿರಿ, ಎರಡೂ ಸುಮಾರು 15 ಅಡಿ ಏಳೂವರೆ ಇಂಚು ಬರಬೇಕು.

2. ಪಾಯ ಮತ್ತು ನೆಲ

ಗಟ್ಟಿ ಮಣ್ಣು ಸಿಗೋವರೆಗೆ, ಅಂದರೆ ಸುಮಾರು ಒಂದೂವರೆಯಿಂದ ಎರಡು ಅಡಿ ಅಗೆದು ಸೈಜುಗಲ್ಲಿನ ಪಾಯ ಹಾಕಿ. ಕಟ್ಟೆ ನೆಲಮಟ್ಟಕ್ಕಿಂತ ಒಂದಡಿ ಮೇಲೆ ಬರಲಿ. ಒಳಗೆ ಮಣ್ಣು ತುಂಬಿ ನೀರು ಹಾಕಿ ಚೆನ್ನಾಗಿ ದಮ್ಮಸ್ ಮಾಡಿ, ಮೇಲೆ 4 ಇಂಚು ಕಾಂಕ್ರೀಟ್ ಹಾಕಿ. ಬಾಗಿಲ ಕಡೆ ಸ್ವಲ್ಪ ಇಳಿಜಾರು ಕೊಡಿ. ಟಿಲ್ಲರ್ ಒಳಗೆ ತರಬೇಕಲ್ಲ, ಅದಕ್ಕೆ ಬಾಗಿಲು 4 ಅಡಿ ಅಗಲ ಇರಲಿ, ಹೊರಗೆ ರ‍್ಯಾಂಪ್ ಮಾಡಿ.

3. ಗೋಡೆಗೆ ನಮ್ಮದೇ ಕೆಂಪು ಮಣ್ಣು

ಯಶವಂತಪುರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರುವಾಯಿತು. ಸಿಮೆಂಟ್ ಬೆರೆಸಿ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ಅಲ್ಲಿಯವರು ಇಲ್ಲಿನ ಮನೆಗಳಿಗೆ ಹೊಂದುವಂತೆ ರೂಪಿಸಿದರು. ಇದನ್ನು ಸುಡೋದಿಲ್ಲ, ಕೈಯಿಂದ ಎಳೆಯುವ ಯಂತ್ರದಲ್ಲಿ ಒತ್ತುತ್ತಾರೆ. ಬೆಂಗಳೂರಿನ ಕೆಂಪು ಮಣ್ಣು ಇದಕ್ಕೆ ಹೇಳಿ ಮಾಡಿಸಿದಂತಿದೆ.

ಬೇರು, ಗೊಬ್ಬರ ಇರೋ ಮೇಲ್ಮಣ್ಣನ್ನು ಹೊಲಕ್ಕೇ ಬಿಡಿ, ಕೆಳಗಿನ ಮಣ್ಣು ತಗೊಳ್ಳಿ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕುಲುಕಿ ಇಡಿ. ಮರಳು ಮೊದಲು ತಳಕ್ಕೆ ಕೂರುತ್ತೆ, ಜೇಡಿ ಕೊನೆಗೆ ಮೇಲೆ ನಿಲ್ಲುತ್ತೆ. ಮರಳು ಸುಮಾರು ಮೂರನೇ ಎರಡು ಭಾಗ, ಜೇಡಿ ನೂರಕ್ಕೆ 10ರಿಂದ 15 ಇದ್ದರೆ ಸರಿ. ಜೇಡಿ ಜಾಸ್ತಿ ಇದ್ದರೆ ಎಂ-ಸ್ಯಾಂಡ್ ಬೆರೆಸಿ.

ಸಿಮೆಂಟ್ ಶೇ 7ರಷ್ಟು ಸಾಕು. ನೀರಿನ ಹದ ನೋಡೋಕೆ ಮುಷ್ಟಿಯಲ್ಲಿ ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಿ. ನಾಲ್ಕೈದು ಚೂರಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಕಡಿಮೆ, ಮುದ್ದೆಯಾಗೇ ಉಳಿದರೆ ನೀರು ಹೆಚ್ಚು.

ಸುತ್ತ ಮೂರೂವರೆ ಅಡಿ ಗೋಡೆ ಸಾಕು, ಅದರ ಮೇಲೆ ವೆಲ್ಡ್‌ಮೆಶ್ ಜಾಲರಿ. ವೆಲ್ಡಿಂಗ್ ಹೊಗೆ ಹೊರಗೆ ಹೋಗುತ್ತೆ, ಖರ್ಚೂ ಅರ್ಧ. 230 × 190 × 100 ಮಿ.ಮೀ. ಅಳತೆಯ ಇಟ್ಟಿಗೆ ಸುಮಾರು 500 ಬೇಕು, ಒಡೆಯೋದಕ್ಕೆ 50 ಸೇರಿಸಿಕೊಳ್ಳಿ. ಇಷ್ಟಕ್ಕೆ ಸಿಮೆಂಟ್ ಆರೇಳು ಮೂಟೆ. ಮೂರು ವಾರ ಗೋಣಿಚೀಲ ಮುಚ್ಚಿ ನೀರು ಹಾಕಿ. ಈ ಮೂರು ವಾರ ಸೋಮಾರಿತನ ಮಾಡಿದರೆ ಇಟ್ಟಿಗೆ ಬಂದ ಮೊದಲ ಮಳೆಗೇ ಉದುರುತ್ತೆ. ಯಂತ್ರ ಬಾಡಿಗೆಗೆ ಸಿಗದಿದ್ದರೆ ಹಾಲೋಬ್ಲಾಕ್ ಹಾಕಿ, ತಪ್ಪೇನಿಲ್ಲ.

4. ಕಂಬ ಮತ್ತು ಚಾವಣಿ

ದೇವನಹಳ್ಳಿ ಕಡೆ ದ್ರಾಕ್ಷಿ ತೋಟ ತೆಗೆದವರ ಹತ್ತಿರ ಚಪ್ಪರದ ಹಳೇ ಕಲ್ಲುಕೂಚ ಇರುತ್ತವೆ. ಸುತ್ತಿಗೆಯಿಂದ ತಟ್ಟಿ ನೋಡಿ, ಠಣ್ ಅಂದರೆ ಗಟ್ಟಿ, ಬದ್ ಅಂದರೆ ಒಳಗೆ ಬಿರುಕಿದೆ ಅಂತ. 2 ಅಡಿ ಹೂತು, ಕಟ್ಟೆ ಎತ್ತರ ಕಳೆದ ಮೇಲೂ ಒಳಗೆ ತಗ್ಗಿನ ಕಡೆ 7 ಅಡಿ ಸಿಗಬೇಕು. ಕೂಚ ಗಿಡ್ಡವಾದರೆ ಹಟ ಮಾಡಬೇಡಿ, ಜಿಐ ಪೈಪ್ ನಿಲ್ಲಿಸಿ.

ಏಪ್ರಿಲ್-ಮೇ ಬಿರುಗಾಳಿ ಶೀಟನ್ನು ಎತ್ತಿಕೊಂಡು ಹೋಗುತ್ತೆ. ಮೊಳೆ ಬೇಡ, ರಬ್ಬರ್ ವಾಷರ್ ಜೊತೆ ಜೆ-ಬೋಲ್ಟ್ ಹಾಕಿ. ನಾಲ್ಕೂ ಕಡೆ 2 ಅಡಿ ಶೀಟು ಚಾಚಿದರೆ ಮಣ್ಣಿನ ಗೋಡೆ ನೆನೆಯೋದಿಲ್ಲ. ಪಶ್ಚಿಮಕ್ಕೆ ದೋಣಿ ಕಟ್ಟಿದರೆ 20 ಮಿ.ಮೀ. ಮಳೆಗೆ ಸುಮಾರು 400 ಲೀಟರ್ ನೀರೂ ಸಿಗುತ್ತೆ.

5. ಕರೆಂಟ್: ಇಲ್ಲಿ ಜುಗ್ಗತನ ಬೇಡ

ಒದ್ದೆ ಕಾಲು, ಹಳೇ ಗ್ರೈಂಡರ್, ಅರ್ತ್ ಇಲ್ಲದ ಪ್ಲಗ್. ಈ ಮೂರೂ ಸೇರಿದರೆ ಜೀವಕ್ಕೇ ಕುತ್ತು. ಶೆಡ್‌ಗೆ ಪ್ರತ್ಯೇಕ ಅರ್ತಿಂಗ್ ಮಾಡಿಸಿ, 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ, ಟ್ರಿಪ್ ಆಗಲೇಬೇಕು. ವೈರಿಂಗ್ ಕೆಲಸ ಮಾತ್ರ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ, ವೆಲ್ಡಿಂಗ್ ಮಷಿನ್ ಇಡೋದಿದ್ದರೆ ಮೊದಲೇ ಹೇಳಿ. ಪಂಪ್‌ಸೆಟ್ ಲೈನ್‌ನಿಂದ ಎಳೆಯಬೇಡಿ, ಆ ಸಂಪರ್ಕ ನೀರಾವರಿಗೆ ಮಾತ್ರ.

6. ಮೊದಲು ಕೊಳ್ಳಬೇಕಾದ್ದು

ಒಂದು ಬೆಂಚ್ ವೈಸ್, ಸ್ಪ್ಯಾನರ್ ಸೆಟ್, ಸುತ್ತಿಗೆ, ಹ್ಯಾಕ್ಸಾ, ಅರ, ಗ್ರೀಸ್ ಗನ್, ಆಮೇಲೆ 4 ಇಂಚಿನ ಗ್ರೈಂಡರ್. ವೈಸ್‌ನ ಮೇಲ್ಭಾಗ ನಿಮ್ಮ ಮೊಣಕೈ ಮಟ್ಟಕ್ಕಿರಲಿ, ಸೊಂಟ ನೋಯೋದಿಲ್ಲ. ಕನ್ನಡಕ ಹಾಕದೆ ಗ್ರೈಂಡರ್ ಮುಟ್ಟಬೇಡಿ. ಪೆಟ್ರೋಲ್, ಕೀಟನಾಶಕ ಎರಡಕ್ಕೂ ಈ ಶೆಡ್‌ನಲ್ಲಿ ಜಾಗ ಇಲ್ಲ.

ರಾಗಿ ಒಕ್ಕಣೆ ಮುಗಿದ ಮೇಲೆ ಇಟ್ಟಿಗೆ ಒತ್ತೋಕೆ ಕೂತರೆ, ಭರಣಿ ಮಳೆ ಬರೋದರೊಳಗೆ ಚಾವಣಿ ಏರಿರುತ್ತೆ. ನವೆಂಬರ್‌ನಲ್ಲಿ ಜಿಕೆವಿಕೆ ಕೃಷಿಮೇಳಕ್ಕೆ ಹೋದಾಗ ಯಂತ್ರಗಳ ಮಳಿಗೆಯಲ್ಲಿ ಬಿಡಿಭಾಗಗಳನ್ನೂ ವಿಚಾರಿಸಿ ಬನ್ನಿ. ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಕಳೆದ ವರ್ಷ ರಿಪೇರಿಗೆ ಎಷ್ಟು ಸಲ ಪೇಟೆಗೆ ಹೋದಿರಿ, ಪ್ರತಿ ಸಲ ಏನು ಕೆಟ್ಟಿತ್ತು ಅಂತ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ವರ್ಕ್‌ಶಾಪ್‌ಗೆ ಯಾವ ಸಾಮಾನು ಮೊದಲು ಬೇಕು ಅಂತ ಆ ಪಟ್ಟಿಯೇ ಹೇಳುತ್ತದೆ.