ಸ್ಟೇರಿಂಗ್, ಸಸ್ಪೆನ್ಷನ್ ಬಿಡಿಭಾಗ: ಪಾರ್ಟ್ ನಂಬರ್ ಇಲ್ಲದ ಬಿಲ್ ಬೇಡ

ಬೆಂಗಳೂರು, ಮೈಸೂರು, ಮಂಗಳೂರಿನ ರಸ್ತೆಗಳಲ್ಲಿ ಸ್ಪೋರ್ಟ್ಸ್ ಕಾರು ಈಗ ತೀರಾ ಅಪರೂಪವಲ್ಲ. ಏಳೆಂಟು ವರ್ಷ ಓಡಿದ ಬಿಎಂಡಬ್ಲ್ಯು ಝಡ್4, ಆಡಿ ಟಿಟಿ, ಪೋರ್ಷೆ ಕೇಮನ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ಬಹುದಿನದ ಆಸೆ ತೀರಿಸಿಕೊಳ್ಳಲು ಸಾಲ ಮಾಡಿ ಕೊಳ್ಳುವ ಸಂಬಳದಾರರೂ ಇದ್ದಾರೆ. ಇಂಥ ಕಾರಿನಲ್ಲಿ ನಮ್ಮ ರಸ್ತೆಗೆ ಮೊದಲು ಸೋಲುವುದು ಎಂಜಿನ್ ಅಲ್ಲ, ಸ್ಟೇರಿಂಗ್ ಮತ್ತು ಸಸ್ಪೆನ್ಷನ್. ಕಾರು ನೆಲಕ್ಕೆ ಹತ್ತಿರ, ಸ್ಪ್ರಿಂಗ್ ಗಟ್ಟಿ, ಟೈರಿನ ಸೈಡ್‌ವಾಲ್ ಗಿಡ್ಡ. ಗುಂಡಿಯ ಏಟನ್ನು ಟೈರು ತಾಳಿಕೊಳ್ಳದೆ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ಗಳಿಗೆ ದಾಟಿಸಿಬಿಡುತ್ತದೆ. ಹಂಪ್ ಹತ್ತುವಾಗ ಎಡಗಡೆ ‘ಟಕ್’ ಎಂದರೆ, ತಿರುವಿನಲ್ಲಿ ಸ್ಟೇರಿಂಗ್ ಸಡಿಲ ಅನ್ನಿಸಿದರೆ ಗ್ಯಾರೇಜಿಗೆ ಓಡುತ್ತೀರಿ. ಅಲ್ಲಿ ಎದುರಾಗುವ ಪ್ರಶ್ನೆ ಒಂದೇ: ಕಂಪನಿ ಪಾರ್ಟ್ ಹಾಕಿಸುವುದೋ, ಹೊರಗಿನದೋ, ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಗುವುದೋ?

ಬಹಳ ಜನ ಇದನ್ನು ದುಡ್ಡಿನ ಲೆಕ್ಕದಲ್ಲೇ ತೀರ್ಮಾನಿಸುತ್ತಾರೆ. ಆದರೆ ನಿಮ್ಮ ವಿಮೆ, ವಾರಂಟಿ, ಆರ್‌ಟಿಒ ಎದುರಿನ ಹೊಣೆ, ನಾಳೆ ಗ್ರಾಹಕ ಆಯೋಗದ ಮುಂದೆ ನಿಲ್ಲುವ ಬಲ, ಇವೆಲ್ಲ ಆ ಒಂದು ಆಯ್ಕೆಯ ಮೇಲೆ ನಿಂತಿವೆ.

ಕಾನೂನು ಕೇಳುವ ಕನಿಷ್ಠ ಸ್ಥಿತಿ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 98 ಸ್ಟೇರಿಂಗ್ ಬಗ್ಗೆಯೇ ಇದೆ. ಸ್ಟೇರಿಂಗ್ ಚಕ್ರದ ಪ್ಲೇ 30 ಡಿಗ್ರಿ ಮೀರಬಾರದು. ಸ್ಟೇರಿಂಗ್ ಜೋಡಣೆಯ ಬಾಲ್ ಜಾಯಿಂಟ್‌ಗಳಿಗೆಲ್ಲ ರಬ್ಬರ್ ಕ್ಯಾಪ್ ಇರಬೇಕು. ಬೋಲ್ಟ್, ಪಿನ್ ಹಾಕಿ ಸೇರಿಸಿದ ಕಡೆ ಅವು ಸಡಿಲಗೊಳ್ಳದಂತೆ ಲಾಕ್ ಆಗಿರಬೇಕು. ಲಾರಿ, ಬಸ್ಸು, ಕಾರು ಎಲ್ಲಕ್ಕೂ ಅನ್ವಯಿಸುವ ಮಿತಿ ಇದು. ಗಂಟೆಗೆ ನೂರು ಕಿಲೋಮೀಟರಿನಲ್ಲಿ ಬೆರಳ ತುದಿಗೆ ಓಗೊಡಬೇಕಾದ ಸ್ಪೋರ್ಟ್ಸ್ ಕಾರಿನಲ್ಲಿ ಅಷ್ಟು ಪ್ಲೇ ಬರುವವರೆಗೆ ಕಾಯುವುದು ಪ್ರಾಣದ ಜೊತೆ ಆಟ ಆಡಿದಂತೆ.

ಮೋಟಾರು ವಾಹನ ಕಾಯ್ದೆ, 1988ರ ಕಲಂ 190 ಇನ್ನೊಂದು ಮಾತು ಹೇಳುತ್ತದೆ. ಅಪಾಯ ತರುವ ದೋಷವಿದ್ದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಿದರೆ 1,500 ರೂಪಾಯಿವರೆಗೆ ದಂಡ. ಆ ದೋಷದಿಂದಲೇ ಅಪಘಾತವಾಗಿ ಯಾರಿಗಾದರೂ ಗಾಯವಾದರೆ, ಆಸ್ತಿ ಹಾಳಾದರೆ 3 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ. ದೋಷ ಗೊತ್ತಿರಲಿಲ್ಲ ಎಂಬ ಸಮಜಾಯಿಷಿ ಸಾಲದು. ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗುತ್ತಿತ್ತು ಎಂದಾದರೂ ಹೊಣೆ ತಪ್ಪದು. ತಿಂಗಳುಗಟ್ಟಲೆ ಆ ‘ಟಕ್’ ಶಬ್ದ ಕೇಳಿಸಿಕೊಂಡು ಸುಮ್ಮನಿದ್ದವರು ಇದನ್ನು ನೆನಪಿಡಬೇಕು.

ಬದಲಿ ಬೇರೆ, ಮಾರ್ಪಾಡು ಬೇರೆ

ಸವೆದ ಲೋಯರ್ ಆರ್ಮ್ ತೆಗೆದು ಅದೇ ಅಳತೆಯ, ಅದೇ ವಿನ್ಯಾಸದ ಹೊಸದನ್ನು ಹಾಕಿಸುವುದು ದುರಸ್ತಿ. ಅದಕ್ಕೆ ಆರ್‌ಟಿಒ ಅನುಮತಿ ಬೇಕಿಲ್ಲ. ಅದು ಕಾರು ಕಂಪನಿಯ ಪೆಟ್ಟಿಗೆಯಲ್ಲೇ ಬರಬೇಕೆಂದೂ ಇಲ್ಲ. ಜರ್ಮನ್ ಕಾರುಗಳ ಶಾಕ್ ಅಬ್ಸಾರ್ಬರ್, ಕಂಟ್ರೋಲ್ ಆರ್ಮ್‌ಗಳನ್ನು ಬಿಲ್‌ಸ್ಟೈನ್, ಸ್ಯಾಕ್ಸ್, ಲೆಮ್‌ಫರ್ಡರ್‌ನಂಥ ತಯಾರಕರೇ ಕಾರ್ಖಾನೆಗೆ ಒದಗಿಸುತ್ತಾರೆ. ತಮ್ಮ ಹೆಸರಿನಲ್ಲೂ ಹೊರಗೆ ಮಾರುತ್ತಾರೆ. ಅಂಥ ಪಾರ್ಟಿನ ಮೈಮೇಲೆ ಕಾರು ಕಂಪನಿಯ ಲೋಗೋ ಇದ್ದ ಜಾಗವನ್ನು ಗ್ರೈಂಡ್ ಮಾಡಿ ಅಳಿಸಿರುವುದು ಕೆಲವೊಮ್ಮೆ ಕಾಣುತ್ತದೆ. ಅದನ್ನು ನೋಡಿದ ಕೂಡಲೇ ಡೂಪ್ಲಿಕೇಟ್ ಎಂದು ಹೆದರಬೇಕಿಲ್ಲ. ಲೋಗೋ ಕಾರು ಕಂಪನಿಯ ಟ್ರೇಡ್‌ಮಾರ್ಕ್, ಆದ್ದರಿಂದ ಬಿಡಿಭಾಗ ತಯಾರಕ ತನ್ನ ಹೆಸರಿನಲ್ಲಿ ಮಾರುವಾಗ ಅದನ್ನು ಬಳಸುವಂತಿಲ್ಲ. ನಿಜಕ್ಕೂ ಅನುಮಾನಪಡಬೇಕಾದ್ದು ಲೋಗೋ ಹೊಳೆಯುತ್ತಿದ್ದು, ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಎಲ್ಲೂ ಇಲ್ಲದ ಪಾರ್ಟನ್ನು.

ಕಾರನ್ನು ತಗ್ಗಿಸುವ ಸ್ಪ್ರಿಂಗ್, ಕಾಯಿಲ್‌ಓವರ್ ಕಿಟ್, ಚಿಕ್ಕ ಸ್ಟೇರಿಂಗ್ ಚಕ್ರ ಇವುಗಳ ಕಥೆ ಬೇರೆ. ಕಲಂ 52ರ ಪ್ರಕಾರ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ರಚನೆ ಬದಲಾಗಿ ಅದರಿಂದ ವಾಹನದ ಮೂಲ ಲಕ್ಷಣವೂ ಬದಲಾದರೆ ಅದನ್ನು ಮಾರ್ಪಾಡು ಎನ್ನುತ್ತದೆ ಕಾಯ್ದೆ. ಕೇರಳದಿಂದ ಬಂದ ಆರ್‌ಟಿಒ ವಿರುದ್ಧ ಕೆ. ಜಯಚಂದ್ರ ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷ ಸೇರಿಸಿದ ಕಲಂ 182ಎ ಪ್ರಕಾರ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ 6 ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಸ್ಪ್ರಿಂಗ್ ಬದಲಿಸಿ ಕಾರು ಒಂದಿಂಚು ತಗ್ಗಿದರೆ ಮೂಲ ಲಕ್ಷಣ ಬದಲಾಯಿತೇ ಎಂಬುದಕ್ಕೆ ವಕೀಲರು ಎರಡೂ ಕಡೆ ವಾದಿಸಬಲ್ಲರು. ಆ ವಾದಕ್ಕೆ ನಿಮ್ಮ ಕಾರೇ ಪ್ರಯೋಗವಾಗುವುದು ಬೇಡ. ಮಾಡಿಸಲೇಬೇಕೆಂದಿದ್ದರೆ ಮೊದಲು ಆರ್‌ಟಿಒಗೆ ಲಿಖಿತ ಅರ್ಜಿ ಕೊಟ್ಟು, ಲಿಖಿತ ಉತ್ತರ ಪಡೆಯಿರಿ. ಕಿಟ್‌ನ ಜೊತೆ ಬರುವ ಟಿಯುವಿ ಪ್ರಮಾಣಪತ್ರ ಜರ್ಮನಿಯ ನಿಯಮದಡಿ ಕೊಟ್ಟದ್ದು. ಇಲ್ಲಿನ ಅನುಮತಿಗೆ ಅದು ಬದಲಿಯಲ್ಲ.

ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಹೋಗುತ್ತದೆಯೇ?

‘ಹೊರಗೆ ಕೈ ಹಾಕಿಸಿದರೆ ವಾರಂಟಿ ಇಲ್ಲ’ ಎಂಬ ಬೆದರಿಕೆಯನ್ನು ಕಾರು ಇಟ್ಟುಕೊಂಡವರೆಲ್ಲ ಕೇಳಿರುತ್ತಾರೆ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿದ್ದು ಈ ಧೋರಣೆಗೇ. ಅವುಗಳಲ್ಲಿ ದುಬಾರಿ ಜರ್ಮನ್ ಕಾರುಗಳ ಕಂಪನಿಗಳೂ ಇದ್ದವು. ಅಸಲಿ ಬಿಡಿಭಾಗಗಳನ್ನು, ದೋಷ ಪತ್ತೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೂ ಸಿಗುವಂತೆ ಮಾಡಬೇಕು, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡಬಾರದು ಎಂದು ಆಯೋಗ ಆದೇಶಿಸಿತು. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮೂರು ಕಂಪನಿಗಳ ದಂಡ ಇಳಿಸಿತಾದರೂ ತಪ್ಪು ನಡೆದಿದೆ ಎಂಬ ತೀರ್ಮಾನವನ್ನು ಉಳಿಸಿತು.

ಹಾಗೆಂದು ವಾರಂಟಿ ಕಂಪನಿಗೆ ಕುರುಡು ಬಂಧನವೂ ಅಲ್ಲ. ಹೊರಗೆ ಹಾಕಿಸಿದ ಕಳಪೆ ಟೈ ರಾಡ್‌ನಿಂದಲೇ ಸ್ಟೇರಿಂಗ್ ರಾಕ್ ಹಾಳಾಯಿತು ಎಂದು ಕಂಪನಿ ತೋರಿಸಿದರೆ ಆ ರಾಕ್‌ನ ವಾರಂಟಿ ಕೇಳುವುದು ಕಷ್ಟ. ಆಗ ನಿಮ್ಮನ್ನು ಕಾಯುವುದು ಒಳ್ಳೆಯ ಬಿಲ್.

ಬಿಲ್‌ನಲ್ಲಿ ಏನಿರಬೇಕು

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಾಗಲಿ, ಊರಿನ ಗ್ಯಾರೇಜಾಗಲಿ, ‘ಬಿಲ್ ಬೇಕಾದರೆ ಜಿಎಸ್‌ಟಿ ಸೇರುತ್ತೆ ಸಾರ್’ ಎಂಬ ಮಾತು ಬಂದೇ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ 28ರಿಂದ ಶೇಕಡಾ 18ಕ್ಕೆ ಇಳಿದಿದೆ. ಆ ಹದಿನೆಂಟು ರೂಪಾಯಿ ಉಳಿಸಲು ಹೋಗಿ ನೂರಕ್ಕೆ ನೂರು ಹಕ್ಕು ಬಿಟ್ಟುಕೊಡಬೇಡಿ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(47)ರಂತೆ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ರೀಕಂಡೀಷನ್ ಮಾಡಿದ ರಾಕ್ ಅಥವಾ ಹಳೆಯ ಶಾಕ್ ಅಬ್ಸಾರ್ಬರನ್ನು ಹೊಸದೆಂದು ಮಾರುವುದೂ ಅದೇ. ದೋಷವಿರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಾಗದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ಹಣ ಕೊಡಲು ನಿರಾಕರಿಸುವುದೂ ಅದೇ ಪಟ್ಟಿಯಲ್ಲಿದೆ. ‘ಒಮ್ಮೆ ಮಾರಿದ ಮಾಲು ವಾಪಸಿಲ್ಲ’ ಎಂಬ ಬೋರ್ಡು ದೋಷವಿರುವ ಮಾಲಿಗೆ ಅನ್ವಯಿಸುವುದಿಲ್ಲ.

‘ಸಸ್ಪೆನ್ಷನ್ ಕೆಲಸ, 85,000’ ಎಂದು ಒಂದೇ ಸಾಲಿನಲ್ಲಿ ಬರೆದ ಬಿಲ್ಲಿನಿಂದ ಯಾವ ಆಯೋಗದ ಮುಂದೆಯೂ ಏನನ್ನೂ ಸಾಬೀತು ಮಾಡಲಾಗದು. ಹೀಗೆ ಬರೆಸಿಕೊಳ್ಳಿ: ವಾಹನ ಸಂಖ್ಯೆ, ಚಾಸಿಸ್ ನಂಬರ್, ಅಂದಿನ ಕಿಲೋಮೀಟರ್; ಮುಂಭಾಗದ ಎಡ ಲೋಯರ್ ಆರ್ಮ್ ಒಂದು, ಇಂಥ ಬ್ರ್ಯಾಂಡ್, ಇಂಥ ಪಾರ್ಟ್ ನಂಬರ್, ಹೊಸದು; ಇಷ್ಟು ತಿಂಗಳ ವಾರಂಟಿ; ಕೂಲಿ ಪ್ರತ್ಯೇಕ. ಚಾಸಿಸ್ ನಂಬರ್ ಯಾಕೆಂದರೆ ಒಂದೇ ಮಾದರಿಯ ಕಾರಿಗೂ ಸ್ಪೋರ್ಟ್ಸ್ ಸಸ್ಪೆನ್ಷನ್, ಎಲೆಕ್ಟ್ರಾನಿಕ್ ಡ್ಯಾಂಪರ್ ಎಂದು ಬೇರೆ ಬೇರೆ ಪಾರ್ಟ್ ಇರುತ್ತವೆ. ತಪ್ಪು ಪಾರ್ಟ್ ಕೊಟ್ಟಾಗ ಆ ತಪ್ಪು ಯಾರದೆಂದು ಹೇಳುವುದು ಆ ನಂಬರೇ.

ಹಣ ಕೊಡುವ ಮುನ್ನ ಪೆಟ್ಟಿಗೆಯನ್ನು ನಿಮ್ಮೆದುರೇ ಬಿಚ್ಚಿಸಿ. ಆಮದು ಮಾಲಾದರೆ ಆಮದುದಾರರ ಹೆಸರು, ವಿಳಾಸ, ಯಾವ ದೇಶದ ತಯಾರಿ, ಎಂಆರ್‌ಪಿ, ದೂರಿಗೆ ಫೋನ್ ಸಂಖ್ಯೆ ಇರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುತ್ತವೆ. ಟೈ ರಾಡ್ ಎಂಡ್ ಕೈಗೆ ತೆಗೆದುಕೊಂಡು ಬಾಲ್ ಸ್ಟಡ್ಡನ್ನು ಬೆರಳಿನಿಂದ ತಿರುಗಿಸಿ ನೋಡಿ: ಬಿಗಿಯಾಗಿ, ಒಂದೇ ಸಮನೆ ತಿರುಗಬೇಕು, ತಾನಾಗಿ ಜೋತುಬಿದ್ದರೆ ಬೇಡ. ರಬ್ಬರ್ ಬೂಟಿನ ಅಂಚಿನಲ್ಲಿ ಗ್ರೀಸ್ ಒಸರಿರಬಾರದು. ಫೋಟೊ ತೆಗೆದುಕೊಳ್ಳಿ. ಕಳಚಿದ ಹಳೆಯ ಪಾರ್ಟನ್ನು ಮನೆಗೆ ತನ್ನಿ, ಅದು ನಿಮ್ಮ ಸ್ವತ್ತು. ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯುವ ಎಕ್ಸ್‌ಚೇಂಜ್ ಒಪ್ಪಂದವಿದ್ದರೆ ಮಾತ್ರ ಬಿಟ್ಟುಬನ್ನಿ, ಅದೂ ಬಿಲ್‌ನಲ್ಲಿ ನಮೂದಾಗಲಿ. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟಿನ ಮೊದಲಿನ ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ ಪಡೆಯಿರಿ. ದಿನಾಂಕ, ವಾಹನ ಸಂಖ್ಯೆ ಸಮೇತ ಇರುವ ಆ ಹಾಳೆ ಕೆಲಸ ಸರಿಯಾಗಿತ್ತೋ ಇಲ್ಲವೋ ಎಂಬುದಕ್ಕೆ ಗಟ್ಟಿ ಸಾಕ್ಷಿ.

ಆನ್‌ಲೈನ್‌ನಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳಂತೆ ಆ ತಾಣದ ದೂರು ಅಧಿಕಾರಿ 48 ಗಂಟೆಯಲ್ಲಿ ದೂರು ಸ್ವೀಕರಿಸಿದ್ದನ್ನು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ವಿದೇಶಿ ಮಾರಾಟಗಾರನಿಂದ ನೇರ ತರಿಸಿದ್ದಾದರೆ ಆದೇಶ ಸಿಕ್ಕರೂ ಜಾರಿ ಮಾಡಿಸುವುದು ಕಷ್ಟ. ಸ್ಟೇರಿಂಗ್ ಪಾರ್ಟಿಗೆ ಆ ದಾರಿ ನಾನು ಸೂಚಿಸಲಾರೆ.

ವಿಮೆ

ಸವೆತಕ್ಕೆ ವಿಮೆ ಬರುವುದಿಲ್ಲ. ಅಪಘಾತದ ಹಾನಿಗೆ ಬರುತ್ತದೆ. ಆಗಲೂ ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಶೇಕಡಾ 50 ಸವಕಳಿ ಕಳೆಯುತ್ತಾರೆ. ಐದು ವರ್ಷ ದಾಟಿ ಹತ್ತು ವರ್ಷದೊಳಗಿನ ಕಾರಿನ ಲೋಹದ ಭಾಗಗಳಿಗೆ ಕಳೆಯುವುದು ಶೇಕಡಾ 40. ಝೀರೋ ಡೆಪ್ರಿಸಿಯೇಷನ್ ಇದ್ದರೆ ಲೆಕ್ಕ ಬೇರೆ. ಮಾರ್ಪಾಡು ಮಾಡಿಸಿ ವಿಮಾ ಕಂಪನಿಗೆ ತಿಳಿಸದಿದ್ದರೆ ಸ್ವಂತ ಹಾನಿಯ ಕ್ಲೈಮ್ ತಿರಸ್ಕರಿಸಲು ನೀವೇ ಕಾರಣ ಕೊಟ್ಟಂತಾಗುತ್ತದೆ. ತಿರಸ್ಕಾರ ಅನ್ಯಾಯ ಎನಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ, ನಂತರ ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಿ. ಅದಕ್ಕೆ ಶುಲ್ಕವಿಲ್ಲ.

ಪಾರ್ಟ್ ಕೈಕೊಟ್ಟರೆ

ಹೊಸದಾಗಿ ಹಾಕಿಸಿದ ಬಾಲ್ ಜಾಯಿಂಟ್ ಎರಡೇ ತಿಂಗಳಲ್ಲಿ ಸಡಿಲವಾಯಿತು ಎಂದುಕೊಳ್ಳಿ. ‘ಬಿಟ್ಟು ಹೋಗಿ, ಕಂಪನಿಗೆ ಕಳಿಸ್ತೀವಿ’ ಎಂದರೆ ಸ್ವೀಕೃತಿ ಪತ್ರವಿಲ್ಲದೆ ಪಾರ್ಟನ್ನು ಕೊಡಬೇಡಿ. ಕಾರು ಎಬ್ಬಿಸಿದಾಗಲೇ ವಿಡಿಯೊ ಮಾಡಿ, ಬೇರೆ ಗ್ಯಾರೇಜಿನಿಂದ ಲಿಖಿತ ವರದಿ ಪಡೆಯಿರಿ. ನಂತರ ಮಾರಿದವರಿಗೂ ಹಾಕಿದವರಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಏನು ಕೊಂಡಿರಿ, ಯಾವಾಗ ಕೆಟ್ಟಿತು, ಏನು ಬೇಕು, ಎಷ್ಟು ದಿನದಲ್ಲಿ ಬೇಕು, ಇಷ್ಟಿದ್ದರೆ ಸಾಕು, ವಕೀಲರೇ ಬರೆಯಬೇಕೆಂದಿಲ್ಲ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ. ಅನೇಕ ಪ್ರಕರಣಗಳು ಅಲ್ಲೇ ಮುಗಿಯುತ್ತವೆ.

ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ನೀವು ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಅಲ್ಲೇ ದೂರು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಅಂಗಡಿ ಮುಂಬೈಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇ-ಜಾಗೃತಿ ಪೋರ್ಟಲ್ ಮೂಲಕವೂ ಕೊಡಬಹುದು. ಗಡುವು 2 ವರ್ಷ. ಪಾರ್ಟಿನ ದೋಷ ಕಣ್ಣಿಗೆ ಕಾಣುವಂಥದ್ದಲ್ಲದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 38ರಡಿ ಅದನ್ನು ಪ್ರಯೋಗಾಲಯಕ್ಕೆ ಕಳಿಸುವಂತೆ ಆಯೋಗವನ್ನು ಕೇಳಿಕೊಳ್ಳಿ. ಕೆಟ್ಟ ಪಾರ್ಟನ್ನು ಇಟ್ಟುಕೊಳ್ಳಿ ಎಂದು ಒತ್ತಿ ಹೇಳುವುದು ಇದಕ್ಕೇ. ನಿಮ್ಮ ಕಾರು ನಿಮ್ಮದೇ ಕಂಪನಿಯ ಹೆಸರಿನಲ್ಲಿದ್ದರೂ ಎದೆಗುಂದಬೇಡಿ: ನಿರ್ದೇಶಕರ ಸ್ವಂತ ಬಳಕೆಗೆ ಕಂಪನಿ ಕೊಂಡ ಕಾರನ್ನು, ಗ್ರಾಹಕ ದೂರಿಗೆ ಅಡ್ಡಿಯಾಗುವಂಥ ವಾಣಿಜ್ಯ ಉದ್ದೇಶದ್ದು ಎನ್ನಲಾಗದು ಎಂದು 2024ರ ಜುಲೈನಲ್ಲಿ ಡೈಮ್ಲರ್ ಕ್ರೈಸ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಪಾರ್ಟಿನ ದೋಷದಿಂದ ಗಾಯ, ಸಾವು, ಬೇರೆ ಆಸ್ತಿಗೆ ಹಾನಿ ಆದರೆ ಅದೇ ಗ್ರಾಹಕ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯದಡಿ ತಯಾರಕ, ಮಾರಾಟಗಾರ, ಹಾಕಿಕೊಟ್ಟ ಗ್ಯಾರೇಜು ಮೂವರನ್ನೂ ಕೇಳಬಹುದು. ಆದರೆ ಕಲಂ 87 ಮಾರಾಟಗಾರನಿಗೆ ಒಂದು ಬಾಗಿಲು ತೆರೆದಿಟ್ಟಿದೆ: ಹಾನಿಯಾದ ಹೊತ್ತಿನಲ್ಲಿ ಉತ್ಪನ್ನವನ್ನು ಮಾರ್ಪಡಿಸಲಾಗಿತ್ತು, ತಪ್ಪಾಗಿ ಬಳಸಲಾಗಿತ್ತು ಎಂದಾದರೆ ಅವನು ಪಾರು. ಆರ್ಮ್‌ಗೆ ವೆಲ್ಡಿಂಗ್ ಮಾಡಿಸುವ, ಬುಷ್ ಕೂರಲೆಂದು ತೂತನ್ನು ದೊಡ್ಡದು ಮಾಡಿಸುವ ರೂಢಿ ಇಲ್ಲಿ ನಿಮ್ಮ ಕಾಲಿಗೇ ಸುತ್ತಿಕೊಳ್ಳುತ್ತದೆ.

ಹಣ ಖರ್ಚು ಮಾಡುವ ಮುನ್ನ ಇನ್ನೊಂದು ಕೆಲಸವಿದೆ. ಚಾಸಿಸ್ ನಂಬರ್ ಕೊಟ್ಟು ನಿಮ್ಮ ಕಾರಿಗೆ ರಿಕಾಲ್ ಇದೆಯೇ ಎಂದು ಕಂಪನಿಯನ್ನು ಕೇಳಿ. ತಯಾರಿಕೆಯ ದೋಷಕ್ಕೆ ಕಂಪನಿ ರಿಕಾಲ್ ಘೋಷಿಸಿದ್ದರೆ ಆ ಪಾರ್ಟನ್ನು ಉಚಿತವಾಗಿ ಬದಲಿಸಿಕೊಡುತ್ತದೆ. ನೀವು ಎರಡನೇ ಮಾಲೀಕರಾದರೂ ಕೇಳಿ. ಒಂದೇ ಮಾದರಿಯ ಹಲವು ಕಾರುಗಳಲ್ಲಿ ಒಂದೇ ಸ್ಟೇರಿಂಗ್ ದೋಷ ಕಾಣುತ್ತಿದ್ದರೆ, ಮೋಟಾರು ವಾಹನ ಕಾಯ್ದೆಯ ಕಲಂ 110ಎ ಅಡಿ ರಿಕಾಲ್‌ಗೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಮಾಲೀಕರ ದೂರುಗಳ ಪ್ರಮಾಣವೂ ಅದಕ್ಕೆ ಆಧಾರವಾಗುತ್ತದೆ.

ನಕಲಿ ಪಾರ್ಟ್ ಸಿಕ್ಕರೆ ಹಣ ವಾಪಸ್ ಪಡೆದು ಸುಮ್ಮನಾಗಬೇಡಿ. ನಕಲಿ ಟ್ರೇಡ್‌ಮಾರ್ಕಿನ ಮಾಲು ಮಾರುವುದಕ್ಕೆ ಟ್ರೇಡ್ ಮಾರ್ಕ್ಸ್ ಕಾಯ್ದೆ, 1999ರಡಿ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಬಿಲ್, ಪೆಟ್ಟಿಗೆ, ಫೋಟೊ ಸಮೇತ ಪೊಲೀಸರಿಗೂ ಅಸಲಿ ತಯಾರಕರಿಗೂ ದೂರು ಕೊಡಿ. ನೀವು ಹಿಂದಿರುಗಿಸಿದ ಆ ಟೈ ರಾಡ್ ಎಂಡ್ ಮತ್ತೆ ಅದೇ ಅಂಗಡಿಯಿಂದ ಇನ್ನೊಬ್ಬರ ಕಾರಿಗೆ ಹೋಗದಂತೆ ತಡೆಯುವುದು ನಿಮ್ಮ ಆ ದೂರೊಂದೇ.