ಹಣ್ಣಿನ ನೊಣದಲ್ಲಿ ಪ್ರೋಟೀನುಗಳ ಕೂಡುಕೆಲಸ

ತಾವರೆಕೆರೆಯ ಸುತ್ತಿನ ಹಳ್ಳಿಗಳಲ್ಲಿ ಮಾಗಿ ಕೊಳೆತ ಬಾಳೆಯ ಗೊನೆಯನ್ನು ಕೆಂಗಣ್ಣಿನ ಸಣ್ಣ ನೊಣಗಳು ಮುತ್ತಿರುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಇದಕ್ಕೆ ಡ್ರಾಸಫಿಲಾ ಎಂದು ಹೆಸರು. ಮರದ ಮೇಲಿನ ಮಾವಿಗೆ ಮೊಟ್ಟೆಯಿಟ್ಟು ಹುಳು ಬೀಳಿಸುವ ನೊಣವು ಬೇರೆ ಕುಟುಂಬದ್ದು. ಎರಡನ್ನೂ ಒಂದೆಂದು ಭಾವಿಸಿ ಔಷಧಕ್ಕೆ ಹಣ ಚೆಲ್ಲುವವರನ್ನು ಸರ್ಕೀಟಿನಲ್ಲಿ ಕಂಡಿರುತ್ತೇನೆ. ಕೊಳೆತುದನ್ನು ಹೂಳಿದರೆ ಸಣ್ಣ ನೊಣದ ಕಾಟ ತೀರಿತು.

ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದವರು ರವೆ, ಬೆಲ್ಲ, ಅಗರುಗಳನ್ನು ಬೇಯಿಸಿದ ಗಂಜಿಯಲ್ಲಿ ಇದರ ಅನೇಕ ತಳಿಗಳನ್ನು ಸಾಕಿರುತ್ತಾರೆ. ಮೊಟ್ಟೆಯು ನೊಣವಾಗಲು ಸುಮಾರು ಹತ್ತು ದಿವಸ ಸಾಕಾದ್ದರಿಂದ ಪರೀಕ್ಷೆಗೆ ಇದಕ್ಕಿಂತ ಅನುಕೂಲವಾದ ಪ್ರಾಣಿ ವಿರಳ.

ಹೆಣ್ಣು ನೊಣಕ್ಕೆ ಎಕ್ಸ್ ಎಂಬ ವರ್ಣತಂತು ಎರಡು, ಗಂಡಿಗೆ ಒಂದೇ. ಅದರಲ್ಲಿ ಎರಡು ಸಾವಿರಕ್ಕೂ ಮೀರಿ ಜೀನುಗಳಿವೆ. ಹಾಗಾದರೆ ಗಂಡಿಗೆ ಅರ್ಧ ಪಡಿಯೇ ಸಿಗಬೇಕಲ್ಲವೆ? 1965 ರಲ್ಲಿ ಮುಖರ್ಜಿ ಮತ್ತು ಬೀರ್ಮನ್ ಎಂಬವರು ಮರಿಹುಳುವಿನ ಜೊಲ್ಲಿನ ಗ್ರಂಥಿಯನ್ನು ಪರೀಕ್ಷಿಸಿ, ಗಂಡಿನ ಒಂಟಿ ತಂತುವು ಹೆಣ್ಣಿನ ಜೋಡಿ ತಂತುಗಳಷ್ಟೇ ಆರ್.ಎನ್.ಎ. ತಯಾರಿಸುವುದನ್ನು ತೋರಿಸಿದರು. ಒಂಟಿ ಎತ್ತು ಜೋಡೆತ್ತಿನ ಉಳುಮೆ ಮಾಡಿದಂತೆ.

ಇದು ಯಾವುದೋ ಒಂದು ಪ್ರೋಟೀನಿನ ಕೆಲಸವಲ್ಲ. ಐದು ಪ್ರೋಟೀನುಗಳು ಎರಡು ಬಗೆಯ ಆರ್.ಎನ್.ಎ.ಗಳೊಡನೆ ಕೂಟವಾಗಿ ಆ ತಂತುವನ್ನು ಹಿಡಿಯುತ್ತವೆ. ಎಂ.ಎಸ್.ಎಲ್. 1 ಎಂಬುದು ನೊಗದಂತೆ ಉಳಿದವನ್ನು ಕಟ್ಟುತ್ತದೆ, ಎಂ.ಎಸ್.ಎಲ್. 2 ಹಿಡಿಯತಕ್ಕ ಸ್ಥಳವನ್ನು ಗುರುತಿಸುತ್ತದೆ. ಜೀನುಗಳಿರುವ ಡಿ.ಎನ್.ಎ. ದಾರವು ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದಷ್ಟೆ, ಎಂ.ಓ.ಎಫ್. ಎಂಬುದು ಆ ಹಿಸ್ಟೋನಿಗೆ ಅಸಿಟೈಲ್ ಅಂಶವನ್ನು ಅಂಟಿಸಿ ಕಟ್ಟನ್ನು ಸಡಿಲಿಸುತ್ತದೆ. ಸಡಿಲವಾದೆಡೆ ಜೀನುಗಳ ಕೆಲಸ ಚುರುಕಾಗುತ್ತದೆ. ಐದರಲ್ಲಿ ಒಂದು ಕೆಟ್ಟರೂ ಗಂಡುಗಳು ಪ್ರಾಯಕ್ಕೆ ಬರುವ ಮೊದಲೇ ಸಾಯುತ್ತವೆ, ಹೆಣ್ಣುಗಳು ಬದುಕುತ್ತವೆ.

ಹೆಣ್ಣಿನಲ್ಲಿ ಈ ಕೂಟವು ಏಕೆ ಸೇರದು? ಅಲ್ಲಿ ಸೆಕ್ಸ್ ಲೀಥಲ್ ಎಂಬ ಪ್ರೋಟೀನು ಯು.ಎನ್.ಆರ್. ಎಂಬ ಮತ್ತೊಂದನ್ನು ಜೊತೆಮಾಡಿಕೊಂಡು, ಎಂ.ಎಸ್.ಎಲ್. 2ರ ಸಂದೇಶವನ್ನು ಹೊತ್ತ ಆರ್.ಎನ್.ಎ.ಗೆ ಅಂಟಿ, ಅದರಿಂದ ಪ್ರೋಟೀನು ತಯಾರಾಗದಂತೆ ತಡೆಯುತ್ತದೆ. ತಡೆ ತಪ್ಪಿದರೆ ಎರಡು ತಂತುಗಳೂ ಮಿತಿಮೀರಿ ದುಡಿದು ಹೆಣ್ಣು ಸಾಯುತ್ತದೆ.

ಮಾವಿನ ನೊಣಕ್ಕೆ ಇದೆಲ್ಲವನ್ನೂ ಹಾಗೆಯೇ ಅನ್ವಯಿಸಲಾಗದು. ಅದರ ಜಾತಿಯ ನೊಣಗಳಲ್ಲಿ ಗಂಡುತನವನ್ನು ನಿಶ್ಚಯಿಸುವುದು ವೈ ವರ್ಣತಂತುವಿನ ಒಂದು ಜೀನೆಂದು 2019 ರಲ್ಲಿ ಪ್ರಕಟವಾಯಿತು. ತೋಟದವರು ಮೀಥೈಲ್ ಯೂಜೆನಾಲ್ ಇರಿಸಿದ ಬೋನುಗಳನ್ನು ಕಟ್ಟಿ ಅದರ ಗಂಡುಗಳನ್ನು ಹಿಡಿಯತಕ್ಕದ್ದು. ಉದುರಿದ ಹಣ್ಣನ್ನು ಪ್ರತಿದಿನವೂ ಆಯ್ದು ಆಳವಾಗಿ ಹೂಳತಕ್ಕದ್ದು.