ಎನ್ವಿ ಮತ್ತು ಜೆಲಸಿ

ಹೊಟ್ಟೆಕಿಚ್ಚು ಎಂಬ ಒಂದೇ ಮಾತಿನಿಂದ ಕನ್ನಡಿಗರು ಹೇಳಿ ಮುಗಿಸುವ ಭಾವಕ್ಕೆ ಇಂಗ್ಲಿಷಿನಲ್ಲಿ ‘ಎನ್ವಿ’, ‘ಜೆಲಸಿ’ ಎಂಬ ಎರಡು ಶಬ್ದಗಳುಂಟು. ನಿಘಂಟಿನಲ್ಲಿ ಎರಡಕ್ಕೂ ಅಸೂಯೆ, ಮತ್ಸರ ಎಂಬ ಅರ್ಥಗಳೇ ಕಾಣುವುದರಿಂದ ಅವು ಒಂದೇ ಎಂದು ವಿದ್ಯಾರ್ಥಿಗಳು ಭಾವಿಸುವುದು ಸಹಜ.

ತನ್ನಲ್ಲಿಲ್ಲದ್ದು ಇನ್ನೊಬ್ಬನಲ್ಲಿದೆಯಲ್ಲಾ ಎಂಬ ಸಂಕಟವೇ ಎನ್ವಿ. ಅದಕ್ಕೆ ಇಬ್ಬರು ಸಾಕು. ತನ್ನದಾಗಿರುವ ಪ್ರೀತಿ ಪರರ ಪಾಲಾದೀತೆಂಬ ಭಯವೇ ಜೆಲಸಿ. ಅದಕ್ಕೆ ಮೂವರು ಬೇಕು. ಆ ಮೂರನೆಯವನು ನಿಜವಾಗಿ ನಡುವೆ ಬಂದಿರಬೇಕೆಂಬ ನಿಯಮವೇನೂ ಇಲ್ಲ. ಎನ್ವಿಯ ಮೂಲ ಲ್ಯಾಟಿನ್ ಭಾಷೆಯ ಒಂದು ಕ್ರಿಯಾಪದ. ಕೆಟ್ಟ ಕಣ್ಣಿನಿಂದ ನೋಡು ಎಂದು ಅದರ ಅರ್ಥ. ನಮ್ಮವರ ‘ದೃಷ್ಟಿ ತಾಗುವ’ ಮಾತು ಇಲ್ಲಿ ನೆನಪಾಗದಿರದು. ಜೆಲಸಿಯಾದರೋ ಉತ್ಕಟವಾದ ಆಸಕ್ತಿಯನ್ನು ಸೂಚಿಸುವ ಗ್ರೀಕ್ ಶಬ್ದದಿಂದ ಬಂದುದು. ಆದುದರಿಂದಲೇ ಸ್ವಾತಂತ್ರ್ಯವನ್ನು ಜೆಲಸಿಯಿಂದ ಕಾಯುವ ಜನರೆಂದು ಇಂಗ್ಲಿಷಿನಲ್ಲಿ ಹೊಗಳಬಹುದು. ಆಡುಮಾತಿನಲ್ಲಿ ಇಂಗ್ಲಿಷರೇ ಗೆಳೆಯನ ಹೊಸ ಸೈಕಲ್ಲನ್ನು ಕಂಡು ‘ಜೆಲಸ್’ ಎನ್ನುವುದುಂಟು, ಅದನ್ನು ತಪ್ಪೆನ್ನಲಾಗದು.

ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದಲ್ಲಿ ಈ ಎರಡೂ ಎದುರುಬದುರಾಗಿ ನಿಂತಿವೆ. 1604ರಲ್ಲಿ ಲಂಡನ್ನಿನ ಅರಮನೆಯಲ್ಲಿ ಪ್ರದರ್ಶಿತವಾದ ಈ ದುರಂತದ ನಾಯಕನು ವೆನಿಸ್ ಗಣರಾಜ್ಯದ ಸೇನಾಪತಿ. ಅವನು ತನ್ನ ಸಹಾಯಕನ ಪದವಿಯನ್ನು ಕ್ಯಾಸಿಯೊ ಎಂಬವನಿಗೆ ಕೊಡುತ್ತಾನೆ. ಅದನ್ನು ಬಯಸಿದ್ದ ಇಯಾಗೊ ಒಳಗೇ ಬೇಯುತ್ತಾನೆ. ಮುಂದೆ ಆ ಪದವಿ ಅವನಿಗೇ ದೊರೆತರೂ ಉರಿ ಆರುವುದಿಲ್ಲ. ಕ್ಯಾಸಿಯೊನ ಕೊಲೆಗೂ ಹವಣಿಸುತ್ತಾನೆ. ಎನ್ವಿಯ ಬಗೆಯೇ ಅಂಥದು.

ಒಥೆಲೊನಿಗೆ ಯಾವ ಕೊರತೆಯೂ ಇರಲಿಲ್ಲ. ತಂದೆಯ ಮನಸ್ಸಿಗೆ ವಿರೋಧವಾಗಿ ಡೆಸ್ಡೆಮೋನ ಅವನ ಕೈಹಿಡಿದಿದ್ದಳು. ಅವಳು ಕ್ಯಾಸಿಯೊನಿಗೆ ಒಲಿದಿದ್ದಾಳೆಂಬ ಸುಳ್ಳನ್ನು ಇಯಾಗೊ ಅವನ ಕಿವಿಯಲ್ಲಿ ಬಿತ್ತುತ್ತಾನೆ. ಜೆಲಸಿಯ ವಿಷಯದಲ್ಲಿ ಎಚ್ಚರವಾಗಿರೆಂದು ಬುದ್ಧಿ ಹೇಳುವವನೂ ಅವನೇ! ಮಡದಿಗೆ ತಾನಿತ್ತ ಮೊದಲ ಕಾಣಿಕೆಯಾದ ಕರವಸ್ತ್ರವು ಕ್ಯಾಸಿಯೊನ ಕೈಯಲ್ಲಿ ಕಂಡುದೇ ಒಥೆಲೊನಿಗೆ ಸಾಕ್ಷಿಯಾಗುತ್ತದೆ. ನಿರಪರಾಧಿಯಾದ ಹೆಂಡತಿಯನ್ನು ಉಸಿರುಕಟ್ಟಿಸಿ ಕೊಲ್ಲುತ್ತಾನೆ. ನಿಜ ತಿಳಿದ ಮೇಲೆ ತಾನೂ ಇರಿದುಕೊಂಡು ಸಾಯುತ್ತಾನೆ. ಕ್ಯಾಸಿಯೊನಲ್ಲಿದ್ದ ಯಾವುದನ್ನೂ ಅವನು ಬಯಸಿದವನಲ್ಲ. ಅವನಿಗೆ ‘ಎನ್ವಿ’ಯ ಪಟ್ಟ ಕಟ್ಟಿದರೆ ನಾಟಕವೇ ಅರ್ಥವಾಗದು.

ಉತ್ತರ ಕರ್ನಾಟಕದ ‘ಶ್ರೀಕೃಷ್ಣ ಪಾರಿಜಾತ’ ಬಯಲಾಟವನ್ನು ನೋಡಿದವರಿಗೆ ಸತ್ಯಭಾಮೆಯ ಮುನಿಸು ಪರಿಚಿತ. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟನು. ಭಾಮೆಯ ಕೋಪಕ್ಕೆ ಹೂವೊಂದೇ ಕಾರಣವಾಗಿದ್ದರೆ ಅದು ಎನ್ವಿ. ಇನ್ನೊಂದು ಹೂವಿನಿಂದ ತಣಿಯುತ್ತಿತ್ತು. ಅವಳನ್ನು ಕಾಡಿದುದು ಪತಿಯ ಒಲವು ಜಾರಿತೆಂಬ ಶಂಕೆ. ಕೊನೆಗೆ ಕೃಷ್ಣನು ದೇವಲೋಕದಿಂದ ಮರವನ್ನೇ ತಂದು ಅವಳ ಅಂಗಳದಲ್ಲಿ ನೆಟ್ಟನು. ಆದರೆ ಆ ಮರದ ಹೂಗಳು ದಿನವೂ ಉದುರುತ್ತಿದ್ದುದು ಮಾತ್ರ ಪಕ್ಕದ ರುಕ್ಮಿಣಿಯ ಅಂಗಳಕ್ಕೆ ಎಂದು ಜನ ಹೇಳುತ್ತಾರೆ.